ರೇಟಿಂಗ್ ನಿಂತಲ್ಲೇ ನಿಂತಿದ್ದರೆ ಮೊದಲು ಗಡಿಯಾರ ನೋಡಿ

ಲಕ್ಷಣ ಹೀಗಿರುತ್ತದೆ. ಆನ್‌ಲೈನ್‌ನಲ್ಲಿ ದಿನಕ್ಕೆ ನಾಲ್ಕೈದು ಚದುರಂಗದ ಆಟ ಆಡುತ್ತೀರಿ, ಒಗಟು ಬಿಡಿಸುತ್ತೀರಿ, ಯೂಟ್ಯೂಬ್‌ನಲ್ಲಿ ಪಾಠ ಕೇಳುತ್ತೀರಿ. ಆದರೂ ಹತ್ತು ನಿಮಿಷದ ಆಟದ ರೇಟಿಂಗ್, ಅಂದರೆ ಆಟಗಾರನ ಬಲ ತೋರಿಸುವ ಅಂಕಿ, ಐವತ್ತು ಅಂಕ ಏರುತ್ತದೆ, ವಾರ ಕಳೆಯುವುದರೊಳಗೆ ಅಷ್ಟೇ ಇಳಿಯುತ್ತದೆ. ನನ್ನದು ಒಂದೂವರೆ ವರ್ಷ 1400ರ ಆಸುಪಾಸಿನಲ್ಲಿ ಹೀಗೆ ನಿಂತಿತ್ತು. ಅಕ್ಕನ ಮಗನದು 1300ರಲ್ಲಿ. ಇಬ್ಬರ ಲಕ್ಷಣವೂ ಒಂದೇ ಆಗಿದ್ದರೂ ದೋಷ ಬೇರೆ ಬೇರೆ ಕಡೆ ಇತ್ತು. ಅದನ್ನು ಹಿಡಿದುಕೊಟ್ಟದ್ದು ಮಾತ್ರ ಒಂದೇ ಸಾಧನ: ಪ್ರತಿ ನಡೆಯ ಪಕ್ಕದಲ್ಲಿ ತಾನಾಗಿಯೇ ದಾಖಲಾಗುವ ಗಡಿಯಾರದ ಅಂಕಿ.

ಸುಮಾರು 1000ದಿಂದ 1600ರ ನಡುವೆ ಸಿಕ್ಕಿಕೊಂಡಿರುವ ಹವ್ಯಾಸಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಕಾಯಿಗಳ ಹೆಸರು ನಮ್ಮ ಮನೆಗಳಲ್ಲಿ ಬಳಸುವಂಥವೇ: ಆನೆ, ಕುದುರೆ, ಒಂಟೆ, ಮಂತ್ರಿ, ರಾಜ, ಕಾಲಾಳು. ಮಂತ್ರಿಯನ್ನು ರಾಣಿ ಎನ್ನುವವರು ಹಾಗೆಯೇ ಓದಿಕೊಳ್ಳಬಹುದು.

ಮೊದಲು: ನಿಜವಾಗಿಯೂ ದೋಷವಿದೆಯೇ?

ಒಂದು ಕೆಟ್ಟ ರಾತ್ರಿಯನ್ನು ದೋಷವೆಂದು ತಿಳಿಯಬೇಡಿ. ಸಮಬಲರ ನಡುವೆ, ಡ್ರಾಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ನೂರು ಆಟಗಳಲ್ಲಿ ಎಲ್ಲಾದರೂ ಒಂದು ಕಡೆ ಸತತ ಐದು ಸೋಲು ಬರುವ ಸಂಭವ ಶೇ 80ರಷ್ಟಿದೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ನಿಮಗಿಂತ 200 ಅಂಕ ಕೆಳಗಿರುವವರ ಎದುರು ಸೋತರೂ ಗಾಬರಿ ಬೇಡ. ಅರ್ಪಾಡ್ ಎಲೋ ರೂಪಿಸಿದ, ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಒಪ್ಪಿಕೊಂಡ ರೇಟಿಂಗ್ ಲೆಕ್ಕಾಚಾರದಲ್ಲೇ 200 ಅಂಕ ಮೇಲಿರುವವರಿಗೆ ಸಿಗುವ ನಿರೀಕ್ಷಿತ ಫಲ ನಾಲ್ಕರಲ್ಲಿ ಮೂರು ಮಾತ್ರ. ಉಳಿದ ಒಂದು ಎದುರಾಳಿಯದು.

ಆಟವಾಡುವ ಎರಡು ಜಾಲತಾಣಗಳ ರೇಟಿಂಗ್ ಹೋಲಿಸಿ ಕೊರಗುವುದೂ ವ್ಯರ್ಥ. ಲಿಚೆಸ್‌ನಲ್ಲಿ ಹೊಸ ಖಾತೆ 1500ರಿಂದ ಆರಂಭವಾಗುತ್ತದೆ, ಅಲ್ಲಿನ ಲೆಕ್ಕ ಗ್ಲಿಕೊ-2 ಎಂಬ ಪದ್ಧತಿಯದು. ಚೆಸ್ ಡಾಟ್ ಕಾಮ್‌ನ ಲೆಕ್ಕ ಬೇರೆ, ಆಡುವ ಜನರೂ ಬೇರೆ. ಒಂದೇ ಆಟಗಾರನ ಅಂಕಿ ಎರಡು ಕಡೆ ನೂರಾರು ಅಂಕ ಬೇರೆಯಾಗಿರಬಹುದು. ಒಂದೇ ತಾಣದಲ್ಲಿ, ಒಂದೇ ಕಾಲಮಿತಿಯಲ್ಲಿ ಆಡಿದ ಕಳೆದ ನೂರು ಆಟಗಳ ಗೆರೆ ನೋಡಿ. ಅದು ಚಪ್ಪಟೆಯಾಗಿದ್ದರೆ ಮಾತ್ರ ಮುಂದಕ್ಕೆ ಓದಿ.

ಎದುರಾಳಿಗಳು ಯಂತ್ರದ, ಅಂದರೆ ನಡೆ ಹೇಳಿಕೊಡುವ ಚದುರಂಗದ ತಂತ್ರಾಂಶದ, ನೆರವು ಪಡೆಯುತ್ತಿದ್ದಾರೆ ಎಂಬ ಅನುಮಾನ ಬಹಳ ಜನರಿಗಿದೆ. ಕೆಲವರು ಪಡೆಯುತ್ತಾರೆ, ನಿಜ. ದೂರು ಕೊಡುವ ಗುಂಡಿ ಒತ್ತಿ ಮುಂದಿನ ಆಟಕ್ಕೆ ಹೋಗಿ. ಸಿಕ್ಕಿಬಿದ್ದವರಿಂದ ಕಳೆದುಕೊಂಡ ಅಂಕಗಳನ್ನು ತಾಣಗಳು ಹಿಂದಿರುಗಿಸುತ್ತವೆ. ನೂರು ಆಟಗಳ ಗೆರೆ ಚಪ್ಪಟೆಯಾಗಲು ಅದು ಕಾರಣವಲ್ಲ.

ಸಾಕ್ಷ್ಯ ಕಲೆಹಾಕುವುದು

ಕೊನೆಯ ಮೂವತ್ತು ಸೋಲುಗಳನ್ನು ತೆಗೆದುಕೊಳ್ಳಿ. ಗೆಲುವುಗಳು ಈಗ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಆಟಕ್ಕೂ ಒಂದು ಸಾಲು ಬರೆಯಿರಿ: ಆಟ ಕೈತಪ್ಪಿದ ನಡೆ ಯಾವುದು, ಆಗ ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿತ್ತು, ಆ ಒಂದು ನಡೆಗೆ ಎಷ್ಟು ಸೆಕೆಂಡು ತೆಗೆದುಕೊಂಡಿರಿ, ಆಟ ಆರಂಭಿಸಿದ ಹೊತ್ತು ಎಷ್ಟು. ಇಷ್ಟೇ ಸಾಕು. ಆಟದ ಪುಟದಲ್ಲಿ ನಡೆಯ ಮೇಲೆ ಒತ್ತಿದರೆ ಆ ಕ್ಷಣದ ಗಡಿಯಾರ ಕಾಣಿಸುತ್ತದೆ. ಆಟದ ನಡೆಗಳೆಲ್ಲ ಇರುವ ಪಿಜಿಎನ್ ಕಡತ ಇಳಿಸಿಕೊಂಡರೆ ಪ್ರತಿ ನಡೆಯ ಮುಂದೆ ಉಳಿದ ಸಮಯ ಬರೆದಿರುತ್ತದೆ. ಹಿಂದಿನ ನಿಮ್ಮ ನಡೆಯ ಸಮಯದಿಂದ ಈ ನಡೆಯದನ್ನು ಕಳೆದರೆ ಯೋಚನೆಗೆ ಹಿಡಿದ ಸೆಕೆಂಡು ಸಿಗುತ್ತದೆ.

ಕೈತಪ್ಪಿದ ನಡೆಯನ್ನು ಮೊದಲು ನೀವೇ ಊಹಿಸಿ, ಬರೆದಿಡಿ. ಆಮೇಲೆ ಚದುರಂಗದ ಯಂತ್ರವಾದ ಸ್ಟಾಕ್‌ಫಿಶ್ ವಿಶ್ಲೇಷಣೆ ತೆರೆಯಿರಿ. ನಿಮ್ಮ ಊಹೆಗೂ ಯಂತ್ರ ತೋರಿಸುವ ನಡೆಗೂ ಹತ್ತು ನಡೆಗಳ ಅಂತರವಿದ್ದರೆ ಅದೇ ಒಂದು ರೋಗಸೂಚನೆ. ನಾನು ಇಪ್ಪತ್ತೈದನೆಯ ನಡೆಯಲ್ಲಿ ಸೋತೆನೆಂದು ನಂಬಿದ್ದ ಆಟಗಳಲ್ಲಿ ಎಷ್ಟೋ ಹದಿನಾಲ್ಕರಲ್ಲೇ ಮುಗಿದಿದ್ದವು.

ವಿಶ್ಲೇಷಣೆ ತೋರಿಸುವ ಶೇಕಡಾವಾರು ನಿಖರತೆಯನ್ನು ನಂಬಿ ಕೂರಬೇಡಿ. ಅದು ಇಡೀ ಆಟದ ಸರಾಸರಿಯಂಥದ್ದು. ಕೊಡ ಎಷ್ಟೇ ಗಟ್ಟಿಯಿದ್ದರೂ ತಳದಲ್ಲಿ ಒಂದೇ ತೂತಿದ್ದರೆ ನೀರು ನಿಲ್ಲುವುದಿಲ್ಲ. ನಲವತ್ತು ನಡೆಗಳಲ್ಲಿ ಮೂವತ್ತೊಂಬತ್ತು ಚೆನ್ನಾಗಿದ್ದು ಒಂದರಲ್ಲಿ ಆನೆ ಬಿಟ್ಟುಕೊಟ್ಟಿದ್ದರೂ ನಿಖರತೆಯ ಅಂಕಿ ಚೆಂದವಾಗಿಯೇ ಕಾಣುತ್ತದೆ.

ಈಗ ಮೂವತ್ತು ಸಾಲುಗಳನ್ನು ಮೂರು ಗುಂಪು ಮಾಡಿ. ಕೈಯಲ್ಲಿ ಬೇಕಾದಷ್ಟು ಸಮಯವಿದ್ದೂ ಕೆಲವೇ ಸೆಕೆಂಡುಗಳಲ್ಲಿ ಮಾಡಿದ ತಪ್ಪುಗಳು ಮೊದಲ ಗುಂಪು. ಗಡಿಯಾರದಲ್ಲಿ ಮೂವತ್ತು ಸೆಕೆಂಡು ಉಳಿದಿರುವಾಗ ಮಾಡಿದವು ಎರಡನೆಯದು. ಸಮಯವೂ ಇತ್ತು, ಒಂದು ನಿಮಿಷ ಯೋಚಿಸಿಯೂ ಇದ್ದಿರಿ, ಆದರೂ ತಪ್ಪಿದಿರಿ ಎನ್ನುವಂಥವು ಮೂರನೆಯದು. ಮೂರಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ತಿಂಗಳುಗಟ್ಟಲೆ ಕಾಯುವುದೇ ನಮ್ಮಲ್ಲಿ ಹೆಚ್ಚಿನವರು ಮಾಡುತ್ತಿರುವುದು.

ಸಮಯವಿದ್ದೂ ಅವಸರ

ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳು ಇಲ್ಲಿಗೇ ಬಂದವು. ಐದು ನಿಮಿಷ ಉಳಿದಿದೆ, ಮೂರು ಸೆಕೆಂಡಿನಲ್ಲಿ ನಡೆ, ಕುದುರೆ ಹೋಯಿತು. ಮತ್ತೊಂದು ಆಟ: ಆರು ನಿಮಿಷ ಉಳಿದಿದೆ, ಎರಡು ಸೆಕೆಂಡಿನಲ್ಲಿ ನಡೆ, ಮಂತ್ರಿ ಹೋಯಿತು. ಹಲವು ಆಟಗಳನ್ನು ನಾಲ್ಕು ನಿಮಿಷ ಬಾಕಿಯಿರುವಾಗಲೇ ಸೋತಿದ್ದೆ. ಆ ಸಮಯ ಯಾರಿಗೂ ಉಪಯೋಗಕ್ಕೆ ಬಾರದೆ ಹೋಯಿತು.

ಇದನ್ನು ಗಮನದ ಕೊರತೆ ಎಂದು ಸುಮ್ಮನಾದರೆ ದುರಸ್ತಿ ಆಗುವುದಿಲ್ಲ. ಒಳಗೆ ನಡೆಯುವುದು ಇಷ್ಟು: ಎದುರಾಳಿ ಯೋಚಿಸುತ್ತಿರುವಾಗಲೇ ನಾವು ಮುಂದಿನ ನಡೆ ತೀರ್ಮಾನಿಸಿರುತ್ತೇವೆ. ಅವನ ನಡೆ ಬಂದ ಕೂಡಲೇ, ಅದು ಏನನ್ನು ಬದಲಿಸಿತು ಎಂದು ನೋಡದೆ, ಮೊದಲೇ ತೀರ್ಮಾನಿಸಿದ್ದನ್ನು ಆಡಿಬಿಡುತ್ತೇವೆ. ಇನ್ನೊಂದು ಬಗೆ ಇನ್ನೂ ಮೋಸದ್ದು. ಅವನ ಕಾಯಿಯನ್ನು ನೋಡುತ್ತೇವೆ, ಆದರೆ ಅದು ಯಾವುದನ್ನು ಗುರಿಯಿಟ್ಟಿದೆ ಎಂದು ನೋಡುವುದಿಲ್ಲ.

ಪದೇ ಪದೇ ಕಾಣುವ ಒಂದು ಉದಾಹರಣೆ ಕೊಡುತ್ತೇನೆ, ಮಣೆ ಇಟ್ಟುಕೊಂಡು ನೋಡಿ. ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲಿನದು, ಅಂಕಿ ಅಡ್ಡಸಾಲಿನದು. ಎರಡೂ ಕಡೆಯ ರಾಜನ ಮುಂದಿನ ಕಾಲಾಳುಗಳು ಇ4, ಇ5ಕ್ಕೆ ಬಂದಿವೆ. ಬಿಳಿಯ ಕುದುರೆ ಎಫ್3ರಲ್ಲಿ, ಕಪ್ಪಿನದು ಸಿ6ರಲ್ಲಿ. ಬಿಳಿಯ ಒಂಟೆ ಸಿ4ಕ್ಕೆ ಬರುತ್ತದೆ, ಕಪ್ಪಿನ ಎರಡನೆಯ ಕುದುರೆ ಎಫ್6ಕ್ಕೆ. ನಾಲ್ಕನೆಯ ನಡೆಯಲ್ಲಿ ಬಿಳಿಯ ಕುದುರೆ ಜಿ5ಕ್ಕೆ ಜಿಗಿಯುತ್ತದೆ. ಈಗ ಕಪ್ಪು ಆಡುವವರಲ್ಲಿ ಬಹಳಷ್ಟು ಮಂದಿ ಎಚ್ ಸಾಲಿನ ಕಾಲಾಳನ್ನು ಎಚ್6ಕ್ಕೆ ತಳ್ಳಿ ಕುದುರೆಯನ್ನು ಓಡಿಸಲು ಹೊರಡುತ್ತಾರೆ. ಕಾಯಿಯನ್ನು ನೋಡಿದರು, ಗುರಿಯನ್ನು ನೋಡಲಿಲ್ಲ. ಕುದುರೆಯೂ ಒಂಟೆಯೂ ಸೇರಿ ಎಫ್7ರ ಮೇಲೆ ಕಣ್ಣಿಟ್ಟಿದ್ದವು. ಕುದುರೆ ಎಫ್7ರ ಕಾಲಾಳನ್ನು ಹೊಡೆದು ಮಂತ್ರಿಯನ್ನೂ ಮೂಲೆಯ ಆನೆಯನ್ನೂ ಒಟ್ಟಿಗೆ ಹಿಡಿಯುತ್ತದೆ. ಹಿಂದೆ ಒಂಟೆಯ ಕಾವಲಿರುವುದರಿಂದ ರಾಜ ಅದನ್ನು ಹೊಡೆಯುವಂತಿಲ್ಲ. ಸರಿಯಾದ ಉತ್ತರ ಡಿ ಕಾಲಾಳನ್ನು ಡಿ5ಕ್ಕೆ ತಳ್ಳಿ ಒಂಟೆಯ ದಾರಿ ಮುಚ್ಚುವುದು. ಬಿಳಿ ಅದನ್ನು ಹೊಡೆದಾಗ ಮತ್ತೆ ಅವಸರ ಮಾಡಿ ಕುದುರೆಯಿಂದ ತಿರುಗಿ ಹೊಡೆಯಬೇಡಿ. ಸಿ6ರ ಕುದುರೆಯನ್ನು ಎ5ಕ್ಕೆ ಒಯ್ದು ಒಂಟೆಯನ್ನು ಪ್ರಶ್ನಿಸುವುದೇ ರೂಢಿಯ ದಾರಿ. ಈ ಸಾಲನ್ನು ಕಂಠಪಾಠ ಮಾಡಿದವನು ಈ ಒಂದು ಸ್ಥಿತಿಯಲ್ಲಿ ಉಳಿದುಕೊಳ್ಳುತ್ತಾನೆ. ‘ಈ ಕುದುರೆ ಇಲ್ಲಿಗೆ ಯಾಕೆ ಬಂತು?’ ಎಂದು ಕೇಳಲು ಕಲಿತವನು ಎಲ್ಲ ಸ್ಥಿತಿಗಳಲ್ಲೂ ಉಳಿಯುತ್ತಾನೆ.

ದೊಡ್ಡವರೂ ಈ ದೋಷದಿಂದ ಹೊರತಲ್ಲ. 2006ರ ನವೆಂಬರ್‌ನಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಯಂತ್ರದೆದುರು ಆಡುತ್ತಿದ್ದ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ಎಚ್7ರಲ್ಲಿ ಒಂದೇ ನಡೆಯ ಚೆಕ್‌ಮೇಟ್ ಇರುವುದನ್ನು ಕಾಣದೆ ಮಂತ್ರಿಯನ್ನು ಬೇರೆಡೆ ಒಯ್ದರು. 2014ರಲ್ಲಿ ಸೋಚಿಯ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಆಟದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ 26ನೆಯ ನಡೆಯಲ್ಲಿ ರಾಜನನ್ನು ಡಿ2ಕ್ಕೆ ಇಟ್ಟು ದೊಡ್ಡ ತಪ್ಪು ಮಾಡಿದರು. ಕುದುರೆಯಿಂದ ಇ5ರ ಕಾಲಾಳನ್ನು ಹೊಡೆಯುವ ಅವಕಾಶ ವಿಶ್ವನಾಥನ್ ಆನಂದ್ ಅವರಿಗೆ ತೆರೆದುಕೊಂಡಿತ್ತು. ಅವರು ಎ ಸಾಲಿನ ಕಾಲಾಳನ್ನು ಮುಂದಿಟ್ಟರು, ಆಟ ಕಾರ್ಲ್‌ಸನ್ ಪಾಲಾಯಿತು.

ಆನಂದ್ ಅವರ ಆ ನಡೆಯಿಂದ ನಮಗೊಂದು ಪರೀಕ್ಷೆ ಸಿಗುತ್ತದೆ. ಯಂತ್ರದ ವಿಶ್ಲೇಷಣೆಯ ನಕ್ಷೆಯಲ್ಲಿ ಗರಗಸದ ಹಲ್ಲಿನಂತೆ ಮೇಲೇರಿ ಮರುಕ್ಷಣವೇ ಕೆಳಗಿಳಿದ ಜಾಗಗಳನ್ನು ಹುಡುಕಿ. ಅಲ್ಲಿ ಎದುರಾಳಿ ತಪ್ಪಿದ್ದ, ನೀವು ಅದನ್ನು ಕಾಣಲಿಲ್ಲ. ಇವು ಸೋಲಿನ ನಡೆಯಾಗಿ ಪಟ್ಟಿಯಲ್ಲಿ ಬರುವುದಿಲ್ಲ, ಆದರೆ ಮೂಲ ಅದೇ: ಅವನ ಕೊನೆಯ ನಡೆಯನ್ನು ನೋಡದಿರುವುದು. ಇಂಥ ಹಲ್ಲುಗಳನ್ನೂ ಎಣಿಸಿ ಮೊದಲ ಗುಂಪಿಗೇ ಸೇರಿಸಿ.

ದುರಸ್ತಿ. ಎದುರಾಳಿಯ ನಡೆ ಬಂದಾಗ ಕೈಯನ್ನು ಪರದೆಯಿಂದ ತೆಗೆದು ತೊಡೆಯ ಮೇಲಿಡಿ. ಎರಡು ಪ್ರಶ್ನೆ ಕೇಳಿ: ಈ ಕಾಯಿ ಈಗ ಯಾವ ಮನೆಗಳನ್ನು ನೋಡುತ್ತಿದೆ? ಇದು ಬಿಟ್ಟುಬಂದ ಮನೆಯ ಕಾವಲು ಯಾರದು? ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಎದುರಾಳಿಯ ತಪ್ಪುಗಳು ಕಾಣುವುದು ಅಲ್ಲೇ. ನಿಮ್ಮ ನಡೆ ತೀರ್ಮಾನವಾದ ಮೇಲೆ ಮೂರನೆಯದು: ನಾನು ಇದನ್ನು ಆಡಿದರೆ ಅವನು ಕೊಡಬಹುದಾದ ಚೆಕ್ ಯಾವುದು, ಹೊಡೆಯಬಹುದಾದ ಕಾಯಿ ಯಾವುದು? ಮುಂಚಿತವಾಗಿ ನಡೆ ಹಾಕಿಡುವ ಪ್ರೀ-ಮೂವ್ ಸೌಲಭ್ಯವನ್ನು ನಿಲ್ಲಿಸಿ. ನಡೆ ಖಚಿತಪಡಿಸುವ ಗುಂಡಿ ಇದ್ದರೆ ಚಾಲೂ ಮಾಡಿ. ಮಣೆಯ ಮುಂದೆ ಕೂತು ಕಲಿತವರಿಗೆ ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮ ನೆನಪಿರುತ್ತದೆ. ಅದು ಕೈಯನ್ನು ತಡೆದು ಹಿಡಿಯುತ್ತಿತ್ತು. ಮೊಬೈಲ್ ಪರದೆ ಆ ತಡೆಯನ್ನು ಕಿತ್ತುಹಾಕಿದೆ, ಅದನ್ನು ನಾವೇ ಮತ್ತೆ ಕಟ್ಟಿಕೊಳ್ಳಬೇಕು.

ಗಡಿಯಾರದ ಒತ್ತಡ

ಅಕ್ಕನ ಮಗ ರಜೆಗೆ ಬಂದಾಗ ಮೊದಲು ಕೇಳಿದ್ದು, ‘ಮಾವ, ನನಗೆ ಸಿಸಿಲಿಯನ್ ಆರಂಭ ಹೇಳಿಕೊಡಿ’ ಎಂದು. ಆಟದ ಮೊದಲ ನಡೆಗಳ ಒಂದು ಸಿದ್ಧ ಕ್ರಮ ಅದು. ಮೊದಲು ಮೂವತ್ತು ಸೋಲುಗಳನ್ನು ಬರೆದು ತಾ ಎಂದೆ. ಎರಡು ದಿನ ಕೂತು ಬರೆದ. ಅವನ ಆರಂಭದಲ್ಲಿ ದೋಷವೇ ಇರಲಿಲ್ಲ, ಹತ್ತನೆಯ ನಡೆಯ ಹೊತ್ತಿಗೆ ಹೆಚ್ಚಿನ ಆಟಗಳು ಸಮವಾಗಿದ್ದವು. ಆದರೆ ಹದಿನೈದನೆಯ ನಡೆಯ ಹೊತ್ತಿಗೆ ಅವನ ಬಳಿ ಮೂರು ನಿಮಿಷವೂ ಉಳಿದಿರುತ್ತಿರಲಿಲ್ಲ. ಆಮೇಲಿನದೆಲ್ಲ ಓಟ.

ಈ ಗುಂಪಿನವರು ಕೊನೆಯಲ್ಲಿ ಮಾಡಿದ ತಪ್ಪನ್ನು ನೋಡಬಾರದು. ಸಮಯ ಎಲ್ಲಿ ಸೋರಿತು ಎಂದು ಹಿಂದಕ್ಕೆ ಹೋಗಬೇಕು. ಹತ್ತು ನಿಮಿಷವನ್ನು ನಲವತ್ತು ನಡೆಗಳಿಗೆ ಹಂಚಿದರೆ ನಡೆಯೊಂದಕ್ಕೆ ಹದಿನೈದು ಸೆಕೆಂಡು. ಯಾವ ಯಾವ ನಡೆಗೆ ಒಂದು ನಿಮಿಷ ಮೀರಿದೆ ಎಂದು ಗುರುತು ಹಾಕಿ. ಹುಡುಗನ ಗುರುತುಗಳೆಲ್ಲ ಒಂದೇ ಕಡೆ ಬಿದ್ದವು: ಗೊತ್ತಿದ್ದ ಆರಂಭ ಮುಗಿದು ಸ್ವಂತ ಆಟ ಶುರುವಾಗುವ ಜಾಗ. ಅಲ್ಲಿ ಆನೆಯನ್ನು ಡಿ ಸಾಲಿಗೆ ಇಡಲೋ ಇ ಸಾಲಿಗೆ ಇಡಲೋ ಎಂದು ಎರಡೆರಡು ನಿಮಿಷ ಕೂತಿದ್ದ. ಯಂತ್ರವನ್ನು ಕೇಳಿದರೆ ಎರಡೂ ಸರಿ. ಅವನಿಗೆ ಕೊಟ್ಟ ನಿಯಮ ಒಂದೇ: ಕಾಯಿ ಹೊಡೆದಾಟವಿಲ್ಲದ ಸ್ಥಿತಿಯಲ್ಲಿ ಎರಡು ನಡೆ ಸರಿಯೆನಿಸಿದರೆ ಮೊದಲು ಕಂಡದ್ದನ್ನು ಆಡು. ಹೊಡೆದಾಟವಿದ್ದರೆ ಎಷ್ಟು ಬೇಕೋ ಅಷ್ಟು ಯೋಚಿಸು.

ಜೊತೆಗೆ ಕಾಲಮಿತಿಯನ್ನೂ ಬದಲಿಸಿದೆವು. ಹತ್ತು ನಿಮಿಷದ ಜೊತೆ ನಡೆಗೆ ಐದು ಸೆಕೆಂಡು ಸೇರುವ ಆಟ ತೆಗೆದುಕೊಂಡರೆ ನಲವತ್ತು ನಡೆಗೆ 200 ಸೆಕೆಂಡು ಹೆಚ್ಚು ಸಿಗುತ್ತದೆ, ಮುಖ್ಯವಾಗಿ ಕೊನೆಯ ಕ್ಷಣದಲ್ಲೂ ಐದು ಸೆಕೆಂಡು ಕೈಯಲ್ಲಿರುತ್ತದೆ. ಲಿಚೆಸ್‌ನಲ್ಲಿ ಇದೂ ರ‍್ಯಾಪಿಡ್ ಪಟ್ಟಿಗೇ ಸೇರುವುದರಿಂದ ರೇಟಿಂಗ್ ಬೇರೆಯಾಗುವುದಿಲ್ಲ. ಪ್ರತಿ ನಡೆಗೂ ಸಮಯ ಸೇರಿಸುವ ಗಡಿಯಾರಕ್ಕೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1980ರ ದಶಕದ ಕೊನೆಯಲ್ಲಿ ಪೇಟೆಂಟ್ ಪಡೆದಿದ್ದರು. ಇಂದು ನಮ್ಮಂಥ ಹವ್ಯಾಸಿಗಳಿಗೆ ಅದು ದೊಡ್ಡ ಉಪಕಾರವಾಗಿದೆ.

ಸಣ್ಣ ವಿಷಯ: ಬಸ್ಸಿನಲ್ಲಿ ಕೂತು ಆಡುವಾಗ ನೆಟ್‌ವರ್ಕ್ ಹೋಗಿ ಸೋತ ಆಟ, ಬೆರಳು ಪಕ್ಕದ ಮನೆಗೆ ಜಾರಿ ಸೋತ ಆಟ ಇವನ್ನು ಪಟ್ಟಿಯಿಂದ ತೆಗೆಯಬೇಡಿ. ಬೇರೆ ಗುರುತು ಹಾಕಿಡಿ. ಮೂವತ್ತರಲ್ಲಿ ನಾಲ್ಕೈದು ಅಂಥವೇ ಇದ್ದರೆ ಬಸ್ಸಿನಲ್ಲಿ ಒಗಟು ಬಿಡಿಸಿ, ಆಟವನ್ನು ಮನೆಯಲ್ಲಿ ಆಡಿ.

ಯೋಚಿಸಿಯೂ ತಪ್ಪಿದ್ದು

ಈ ಗುಂಪು ದೊಡ್ಡದಾಗಿದ್ದರೆ ಒಂದು ರೀತಿಯಲ್ಲಿ ಸಮಾಧಾನಪಡಿ. ಯೋಚಿಸುವ ಅಭ್ಯಾಸ ನಿಮಗಿದೆ, ಯೋಚನೆಗೆ ಬೇಕಾದ ಸಾಮಗ್ರಿ ಕಡಿಮೆಯಿದೆ. ಒಗಟುಗಳು ಕೆಲಸ ಮಾಡುವುದು ಇಲ್ಲಿ.

ಆದರೆ ಹಲವರ ಒಗಟಿನ ರೇಟಿಂಗ್ ಆಟದ ರೇಟಿಂಗ್‌ಗಿಂತ ಬಹಳ ಮೇಲಿರುತ್ತದೆ. ಒಗಟು ತೆರೆದ ಕೂಡಲೇ ಅಲ್ಲಿ ಏನೋ ಇದೆಯೆಂಬ ಸುಳಿವು ಸಿಕ್ಕಿರುತ್ತದೆ. ಆಟದಲ್ಲಿ ಯಾರೂ ಭುಜ ತಟ್ಟಿ ಈಗ ಹುಡುಕು ಎನ್ನುವುದಿಲ್ಲ. ಆದ್ದರಿಂದ ನಿಮ್ಮದೇ ಆಟಗಳ ಇಪ್ಪತ್ತು ಸ್ಥಿತಿಗಳನ್ನು ಆರಿಸಿ. ಹತ್ತರಲ್ಲಿ ಗೆಲ್ಲುವ ಹೊಡೆತ ಇರಲಿ, ಹತ್ತರಲ್ಲಿ ಏನೂ ಇಲ್ಲದಿರಲಿ. ಕಲೆಸಿ, ವಾರ ಬಿಟ್ಟು ಬಿಡಿಸಿ. ಇದೆಯೋ ಇಲ್ಲವೋ ಎಂದು ಹೇಳುವುದೇ ಅಲ್ಲಿ ಅರ್ಧ ಉತ್ತರ. ಮೂರು ನಿಮಿಷದಲ್ಲಿ ಎಷ್ಟು ಒಗಟು ಎಂದು ಓಡುವ ಬಗೆಯವುಗಳನ್ನು ಮೊದಲ ಗುಂಪಿನವರು ಮುಟ್ಟಲೇಬಾರದು, ಅವು ಆ ದೋಷಕ್ಕೆ ಗೊಬ್ಬರ ಹಾಕುತ್ತವೆ.

ಅಂತ್ಯದಾಟದ ತಪ್ಪುಗಳೂ ಹೆಚ್ಚಾಗಿ ಇಲ್ಲಿಗೇ ಬರುತ್ತವೆ. ಪರೀಕ್ಷೆ ಸುಲಭ. ಒಂಟಿ ರಾಜನೆದುರು ರಾಜ ಮತ್ತು ಆನೆ ಇಟ್ಟು ಯಂತ್ರದ ಜೊತೆ ಆಡಿ. ಯಾವ ಸ್ಥಿತಿಯಿಂದಲೂ ಹೆಚ್ಚೆಂದರೆ 16 ನಡೆಗಳಲ್ಲಿ ಚೆಕ್‌ಮೇಟ್ ಸಾಧ್ಯ. ನಿಮಗೆ ಮೂವತ್ತಾದರೂ ಅಡ್ಡಿಯಿಲ್ಲ, ಐವತ್ತು ದಾಟಿದರೆ ಅಲ್ಲಿಂದ ಶುರುಮಾಡಿ. ಆಮೇಲೆ ರಾಜ ಮತ್ತು ಒಂದು ಕಾಲಾಳು: ಅಂಚಿನ ಸಾಲುಗಳನ್ನು ಬಿಟ್ಟರೆ, ನಿಮ್ಮ ರಾಜ ಆರನೆಯ ಅಡ್ಡಸಾಲಿನಲ್ಲಿ ಕಾಲಾಳಿನ ನೇರ ಮುಂದಿದ್ದಾಗ ನಡೆ ಯಾರದೇ ಆದರೂ ಗೆಲುವು ನಿಮ್ಮದು. ಇದು ಗೊತ್ತಿದ್ದರೆ ಯಾವ ಕಾಯಿ ವಿನಿಮಯಕ್ಕೆ ಒಪ್ಪಬೇಕು ಎಂಬುದು ಸ್ಪಷ್ಟವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಆಟದಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟು ಆನೆ ವಿನಿಮಯಕ್ಕೆ ದಾರಿ ಮಾಡಿದರು. ಮೂಲೆಯಲ್ಲಿದ್ದ ಅವರ ಒಂಟೆಯೂ ವಿನಿಮಯವಾಗಲೇಬೇಕಾಯಿತು. ಉಳಿದದ್ದು ಸೋಲುವ ಕಾಲಾಳಿನ ಅಂತ್ಯದಾಟ. 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದದ್ದು ಹಾಗೆ.

ತಪ್ಪು ರೋಗನಿರ್ಣಯಗಳು

ಆರಂಭವನ್ನು ಬದಲಿಸುವುದು ಎಲ್ಲರೂ ಮೊದಲು ಕೈಹಾಕುವ ಮದ್ದು. ಹತ್ತನೆಯ ನಡೆಯಲ್ಲಿ ಯಂತ್ರ ಕೊಡುವ ಅಂಕಿ ನೋಡಿ. ಹೆಚ್ಚಿನ ಸೋಲುಗಳಲ್ಲಿ ಅದು ಒಂದು ಕಾಲಾಳಿನ ಬೆಲೆಯೊಳಗೇ ಇದ್ದರೆ ಆರಂಭ ಗಟ್ಟಿಯಾಗಿದೆ, ಅದನ್ನು ಬಿಚ್ಚಬೇಡಿ. ಹೊಸ ಆರಂಭಕ್ಕೆ ಹೋದರೆ ಅಪರಿಚಿತ ಸ್ಥಿತಿಗಳಲ್ಲಿ ಹಳೆಯ ದೋಷವೇ ಇನ್ನೂ ಬೇಗ ಹೊರಬೀಳುತ್ತದೆ.

ಇನ್ನೊಂದು, ‘ನನ್ನದು ಆಕ್ರಮಣದ ಶೈಲಿ’ ಎಂಬ ಮಾತು. ನಾನೂ ಇದನ್ನು ವರ್ಷಗಟ್ಟಲೆ ನಂಬಿದ್ದೆ. 1960ರಲ್ಲಿ ವಿಶ್ವ ಚಾಂಪಿಯನ್ ಆದ ಮಿಖಾಯಿಲ್ ತಾಲ್ ಕಾಯಿಗಳನ್ನು ತಿಳಿದೇ ಬಲಿ ಕೊಡುತ್ತಿದ್ದರು. ನನ್ನ ಪಟ್ಟಿಯಲ್ಲಿದ್ದ ಬಲಿಗಳಿಗೆ ಎರಡು ಸೆಕೆಂಡಿನ ಯೋಚನೆಯೂ ಇರಲಿಲ್ಲ. ಬಲಿಯೋ ಕಳೆದುಕೊಂಡದ್ದೋ ಎಂದು ಗಡಿಯಾರವೇ ಹೇಳುತ್ತದೆ. ಈ ಮಟ್ಟದಲ್ಲಿ ಶೈಲಿಯನ್ನು ಕಲಿಯುವುದಾದರೆ 1963ರಲ್ಲಿ ಪಟ್ಟಕ್ಕೇರಿದ ತಿಗ್ರಾನ್ ಪೆಟ್ರೋಸಿಯನ್ ಅವರಿಂದ ಕಲಿಯಿರಿ ಎನ್ನುತ್ತೇನೆ. ಎದುರಾಳಿ ಏನು ಬಯಸುತ್ತಿದ್ದಾನೆ ಎಂಬುದನ್ನು ಅವನಿಗಿಂತ ಮೊದಲೇ ಕಂಡು ತಡೆಯುವುದೇ ಅವರ ಶಕ್ತಿಯಾಗಿತ್ತು.

ನೋಟ್‌ಬುಕ್ಕಿನ ಕೊನೆಯ ಅಂಕಣ, ಆಟ ಆರಂಭಿಸಿದ ಹೊತ್ತು. ಸೋಲುಗಳು ರಾತ್ರಿ ಹನ್ನೊಂದರ ನಂತರ ಗುಂಪಾಗಿದ್ದರೆ, ಅಥವಾ ಒಂದು ಸೋಲಾದ ಒಂದೇ ನಿಮಿಷದಲ್ಲಿ ಮುಂದಿನ ಆಟ ಶುರುವಾಗಿದ್ದರೆ, ಮೇಲಿನ ಮೂರು ಗುಂಪುಗಳನ್ನು ನಂಬುವ ಮೊದಲು ಇದನ್ನು ಸರಿಪಡಿಸಿ. ಎರಡು ಸೋಲಾದ ಮೇಲೆ ಆ ದಿನದ ಆಟ ನಿಲ್ಲಿಸಿ, ಹೊಸ ಪಟ್ಟಿ ಮಾಡಿ. ದಣಿದ ತಲೆಯ ತಪ್ಪುಗಳನ್ನು ನಿಮ್ಮ ಆಟದ ದೋಷವೆಂದು ಎಣಿಸಬಾರದು.

ಮರುಪರೀಕ್ಷೆ

ಒಂದು ಸಲಕ್ಕೆ ಒಂದೇ ದುರಸ್ತಿ. ಮೂವತ್ತು ಸೋಲು ಸೇರುವವರೆಗೆ ಆಡಿ, ಮತ್ತೆ ಪಟ್ಟಿ ಬರೆದು ಗುಂಪು ಮಾಡಿ. ರೇಟಿಂಗ್ ನೋಡಬೇಡಿ, ಆ ಗುಂಪಿನ ಎಣಿಕೆ ಇಳಿಯಿತೇ ಎಂದಷ್ಟೇ ನೋಡಿ. ಮೊದಲ ವಾರಗಳಲ್ಲಿ ರೇಟಿಂಗ್ ಇಳಿಯಲೂಬಹುದು. ಮೊದಲ ಗುಂಪಿನವರು ನಿಧಾನಿಸಿದಾಗ ಗಡಿಯಾರದ ಒತ್ತಡಕ್ಕೆ ಬೀಳುತ್ತಾರೆ, ಸೋಲು ಮೊದಲ ಗುಂಪಿನಿಂದ ಎರಡನೆಯದಕ್ಕೆ ದಾಟುತ್ತದೆ. ನನಗೂ ಹಾಗೆಯೇ ಆಯಿತು. ಅದು ದುರಸ್ತಿ ಕೆಟ್ಟಿತೆಂದಲ್ಲ, ಮೊದಲ ದೋಷದ ಹಿಂದೆ ಅಡಗಿದ್ದ ಎರಡನೆಯದು ಹೊರಬಂದಿದೆ ಎಂದು. ಐದು ಸೆಕೆಂಡು ಸೇರುವ ಗಡಿಯಾರಕ್ಕೆ ಬದಲಾದ ಮೇಲೆ ಅದೂ ಹತೋಟಿಗೆ ಬಂತು, 1400ರ ಗೆರೆ ಕದಲಿತು.

ಅಕ್ಕನ ಮಗ ಕಳೆದ ವಾರ ತನ್ನ ಮೂರನೆಯ ಪಟ್ಟಿ ಕಳಿಸಿದ. ಗಡಿಯಾರದ ಸಾಲುಗಳು ಬಹುಮಟ್ಟಿಗೆ ಮಾಯವಾಗಿವೆ. ಈಗ ಹೆಚ್ಚಿರುವುದು ಆನೆಗಳ ಅಂತ್ಯದಾಟ, ಅದೂ ಒಂದು ಕಾಲಾಳು ಹೆಚ್ಚಿದ್ದೂ ಡ್ರಾಗೆ ಜಾರಿ ಕೊನೆಗೆ ಸೋತಂಥವು. ಸಿಸಿಲಿಯನ್ ವಿಷಯ ಎತ್ತಲಿಲ್ಲ. ‘ಮಾವ, ಭಾನುವಾರ ಬರುತ್ತೇನೆ, ಆನೆಯನ್ನು ಕಾಲಾಳಿನ ಹಿಂದೆ ಇಡಬೇಕೋ ಪಕ್ಕದಲ್ಲೋ ತೋರಿಸಿಕೊಡಿ’ ಎಂದಷ್ಟೇ ಬರೆದಿದ್ದಾನೆ. ಮಣೆ ತೆಗೆದು ಒರೆಸಿಟ್ಟಿದ್ದೇನೆ.